ಅರ್ಧ ಗೇಣಿನ ಶಾವಿಗೆ

ಉಮೆನ್ ಅನ್ನುವ ಗಿಡ್ಡ ಶಾವಿಗೆಯ ಈ ಪ್ಯಾಕೆಟ್ ಕೊಂಡಿದ್ದು ಸಿಟ್ಟಿನಲ್ಲಿ. ಆಗಸ್ಟ್ 7, ಜಪಾನಿನ ಸೆಂಡಾಯ್‌ನಲ್ಲಿ ತನಬಾತ ಅನ್ನುವ ನಕ್ಷತ್ರ ಹಬ್ಬದ ನಡುವಿನ ದಿನ. ಹಾಸನದಿಂದ ಬಂದಿದ್ದ ಅಮ್ಮನ ಜೊತೆ ಪೇಟೆ ಸುತ್ತಿ, ಹಸಿವಾಗಿ ಒಂದು ನೂಡಲ್ಸ್ ಅಂಗಡಿಗೆ ಹೊಕ್ಕೆ. ತನಬಾತಕ್ಕೆ ಸೋಮೆನ್ ತಿನ್ನುವುದು ಇಲ್ಲಿಯ ಪದ್ಧತಿ. ನೂಲಿನಂಥ ಗೋಧಿ ಶಾವಿಗೆ, ತಣ್ಣಗೆ, ಸಾರಿನಲ್ಲಿ ಅದ್ದಿಕೊಂಡು. "ಮೀನು ಬೇಡ" ಅಂತ ನನ್ನ ಹರಕು ಜಪಾನಿಯಲ್ಲಿ ಹೇಳಿದೆ. ಮೇಲಿಡುವ ಮೀನಿನ ಚೂರು ಬಿಟ್ಟು ತಂದುಕೊಟ್ಟರು. ಆದರೆ ಸಾರೇ ಒಣಮೀನಿನದು! ವಾಸನೆ ಮೂಗಿಗೆ ಬಡಿದದ್ದೇ ಅಮ್ಮ ಬಟ್ಟಲು ಸರಿಸಿಬಿಟ್ಟರು. ತಪ್ಪು ನನ್ನದೂ ಹೌದು. ಇಲ್ಲಿ ಮೀನು ಅಂದರೆ ತುಂಡು. ಸಾರಿನ ವಿಷಯ ತಿಳಿಯಬೇಕಾದರೆ "ದಾಶಿ", ಅಂದರೆ ಸಾರಿನ ಮೂಲ ರಸ, ಯಾವುದರದ್ದು ಅಂತಲೇ ಕೇಳಬೇಕು.

ಅಮ್ಮನ ಹೊಟ್ಟೆ ತುಂಬಿಸಿದ್ದು ಜುಂದಾ ಮೋಚಿ. ಎಳೆ ಸೋಯಾ ಕಾಯಿ ಬೇಯಿಸಿ, ನಮ್ಮ ಹಿದುಕಿದ ಅವರೆಯ ಹಾಗೆ ತೆಳು ಸಿಪ್ಪೆಯನ್ನೂ ತೆಗೆದು, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಅರೆದು, ಮೋಚಿಗೆ, ಅಂದರೆ ಅಂಟಕ್ಕಿಯ ಮೆತ್ತನೆ ಉಂಡೆಗೆ, ಮೆತ್ತುತ್ತಾರೆ. "ಹಸಿರು ಹೂರಣ ಅಲ್ವಾ ಇದು?" ಅಂದರು. ಎರಡು ತಟ್ಟೆ ಖಾಲಿ.

ಮನೆಗೆ ಬರುವಾಗ ಉಮೆನ್ ತಂದೆ, ಶಿರೋಯಿಶಿ ಊರಿನದು. ಸೆಂಡಾಯ್‌ನಿಂದ ದಕ್ಷಿಣಕ್ಕೆ, ಇದೇ ಮಿಯಾಗಿ ಪ್ರಾಂತ್ಯದಲ್ಲಿದೆ. ಸೋಮೆನ್ ಎಳೆಯುವಾಗ ಎಣ್ಣೆ ಸವರುತ್ತಾರೆ, ಉಮೆನ್‌ಗೆ ಇಲ್ಲ. ಸುಮಾರು 400 ವರ್ಷದ ಹಿಂದೆ ಹೊಟ್ಟೆನೋವಿನ ಅಪ್ಪನಿಗಾಗಿ ಮಗನೊಬ್ಬ ಎಣ್ಣೆಯಿಲ್ಲದ ಶಾವಿಗೆ ಕಲಿತು ಮಾಡಿದ ಅಂತ ಕಥೆ. ಎಳೆ ಬರೀ 9 ಸೆಂಟಿಮೀಟರ್, ಅರ್ಧ ಗೇಣೂ ಇಲ್ಲ. ಕಾಗದದ ಪಟ್ಟಿ ಸುತ್ತಿದ ಪುಟ್ಟ ಕಟ್ಟುಗಳು, ನೋಡಲು ಊದುಬತ್ತಿ ಕಟ್ಟು ಮುರಿದಿಟ್ಟಂತೆ.

ಕೊಂಬು ಅನ್ನುವ ಕಡಲಪಾಚಿ, ಎರಡು ಒಣ ಶಿಟಾಕೆ ಅಣಬೆ ನೀರಲ್ಲಿ ನೆನೆಸಿಟ್ಟು ಕಾಯಿಸಿದೆ. ಸೋಯಾ ಸಾಸ್, ಒಂದು ಚಮಚ ಸಕ್ಕರೆ. ಸಾರು ತಯಾರು. ಉಮೆನ್‌ಗೆ ಕುದಿಯುವ ನೀರಲ್ಲಿ ಮೂರು ನಿಮಿಷ ಸಾಕು. ಆಮೇಲೆ ತಣ್ಣೀರಲ್ಲಿ ಕೈಯಿಂದ ತಿಕ್ಕಿ ತೊಳೆಯಬೇಕು. ಮೊದಲ ಸಲ ಸುಮ್ನೆ ಬಸಿದೆ, ಗಂಟು ಕಟ್ಟಿತು. ತೊಳೆದ ಮೇಲೆ ಎಳೆ ಎಳೆ ಬಿಡಿಯಾಯಿತು. ಚಿಕ್ಕದಿರುವುದಕ್ಕೆ ಅಮ್ಮ ಚಮಚದಲ್ಲೇ ತಿಂದರು, ಕಡ್ಡಿಯ ಹಂಗಿಲ್ಲ. ಬಾಣಂತಿ, ಜ್ವರ ಬಂದವರಿಗೂ ಹಿಡಿಸುತ್ತೆ ಅಂತ ಅವರ ತೀರ್ಪು. ನನಗೆ ಸ್ವಲ್ಪ ಸಪ್ಪೆ, ಹಸಿ ಶುಂಠಿ ತುರಿದ ಮೇಲೆ ಸರಿಹೋಯಿತು.

ಪೇಟೆಯ ಸಂಗತಿ ಹೇಳದಿದ್ದರೆ ಆಗಲ್ಲ. ಇಚಿಬಾಂಚೊ ಕಡೆಯ ಚಾವಣಿ ಹೊದಿಸಿದ ಅಂಗಡಿ ಬೀದಿಗಳಲ್ಲಿ ಬಿದಿರಿನಿಂದ ಕಾಗದದ ಜಾಲರಿಗಳು ತಲೆಗೆ ತಾಗುವಷ್ಟು ಕೆಳಗೆ ಇಳಿಬಿದ್ದಿರುತ್ತವೆ. ಅವು ಹಬ್ಬದ ಕಥೆಯಲ್ಲಿ ಬರುವ ನೇಕಾರ್ತಿ ಒರಿಹಿಮೆಯ ನೂಲಂತೆ. ಏಳು ಬಗೆಯ ಅಲಂಕಾರವಿದೆ, ಅದರಲ್ಲಿ ನನಗೆ ಇಷ್ಟವಾದದ್ದು ಕುಜುಕಾಗೊ, ಅಂದರೆ ಕಸದ ಬುಟ್ಟಿ! ಉಳಿದ ಅಲಂಕಾರ ಮಾಡುವಾಗ ಬಿದ್ದ ಕಾಗದದ ಚೂರುಗಳನ್ನೇ ತುಂಬಿ ಅದನ್ನೂ ತೂಗುಹಾಕುತ್ತಾರೆ. ಅಮ್ಮ ಕೋರಿಕೆ ಬರೆಯುವ ಹಳದಿ ತಂಜಾಕು ಚೀಟಿಯ ಮೇಲೆ ಕನ್ನಡದಲ್ಲೇ ಬರೆದರು: "ಮೊಣಕಾಲು ನೋವು ಕಮ್ಮಿಯಾಗಲಿ."

ರಾತ್ರಿ ಬಾಲ್ಕನಿಯಲ್ಲಿ ಬಟ್ಟಲು ಹಿಡಿದು ನಿಂತೆವು. ಬೇರೆ ಕಡೆ ಜುಲೈ 7ಕ್ಕೆ ಹಬ್ಬ, ಆಗ ಮಳೆಗಾಲ. 1873ರಲ್ಲಿ ಜಪಾನ್ ಹೊಸ ಕ್ಯಾಲೆಂಡರ್‌ಗೆ ಬಂದಿತು. ಸೆಂಡಾಯ್ ಹಳೆಯ ಲೆಕ್ಕಕ್ಕೆ ಹತ್ತಿರವಾಗಿ ಒಂದು ತಿಂಗಳು ತಡವಾಗಿ ಮಾಡುತ್ತದೆ, ಅದಕ್ಕೇ ಚುಕ್ಕಿ ಕಂಡವು. ನೆತ್ತಿಯ ಮೇಲಿನ ಒರಿಹಿಮೆ ನಮ್ಮ ಅಭಿಜಿತ್ ನಕ್ಷತ್ರ. ಆಕಾಶಗಂಗೆಯ ಆಚೆ ದನ ಕಾಯುವ ಹಿಕೊಬೋಶಿ ನಮ್ಮ ಶ್ರವಣ. ಕಥೆಯಲ್ಲಿ ಈ ಗಂಡ ಹೆಂಡತಿಗೆ ವರ್ಷಕ್ಕೊಮ್ಮೆ, ಈ ಹಬ್ಬದ ರಾತ್ರಿ ಮಾತ್ರ ಭೇಟಿ ಅಂದೆ. "ಶ್ರಾವಣದಲ್ಲಿ ಮಗಳು ತವರಿಗೆ ಬರಲ್ವಾ, ಹಾಗೇ" ಅಂದು ಅಮ್ಮ ಶಾವಿಗೆ ಇನ್ನಷ್ಟು ಕೇಳಿದರು.

ಪ್ಯಾಕೆಟ್‌ಗೆ ಐದಕ್ಕೆ ನಾಲ್ಕು ಅಂಕ. ಒಂದು ಕಳೆದಿದ್ದು ಯಾಕೆಂದರೆ, ಅಮ್ಮ ಹಾಸನಕ್ಕೆ ಒಯ್ದ ಎರಡು ಕಟ್ಟನ್ನು ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಲು ಹೋದರು. ಬಾಣಲೆಯಲ್ಲಿ ಮುದ್ದೆಯಾಯಿತಂತೆ.