ಕಡಲೆಕಾಯಿ ಪರಿಷೆಯ ಹೈಸ್ಕೂಲ್ ಸ್ವಯಂಸೇವಕರು: ಮಕ್ಕಳಿಗೆ ನಾಲ್ಕೂವರೆ ಸ್ಟಾರ್, ದೊಡ್ಡವರಿಗೆ ಎರಡು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಎಲ್ಲರೂ ಬರೆಯುವುದು ಒಂದೇ. ಸೇರು ಎಷ್ಟಾಯಿತು, ಗಾಡಿ ನಿಲ್ಲಿಸೋಕೆ ಜಾಗ ಸಿಕ್ತಾ, ಪೀಪಿ ಊದುವ ಹುಡುಗರ ಕಾಟ ಎಷ್ಟಿತ್ತು. ನಾನು ಬೇರೆ ಒಂದರ ಬಗ್ಗೆ ಬರೆಯುತ್ತೇನೆ. ಬುಲ್ ಟೆಂಪಲ್ ರೋಡ್ ಉದ್ದಕ್ಕೂ ಸ್ಕೌಟ್ಸ್ ಗೈಡ್ಸ್ ಸ್ಕಾರ್ಫ್ ಕಟ್ಟಿಕೊಂಡು, ಇಲ್ಲಾ ಸ್ಕೂಲ್ ಯೂನಿಫಾರ್ಮ್ ಮೇಲೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಂಡು ನಿಂತಿದ್ದರಲ್ಲ ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳು, ಅವರ ಸೇವೆ ಹೇಗಿತ್ತು ಅಂತ. ಹೋಟೆಲಿಗೆ, ಕ್ಯಾಬಿಗೆ, ಕಟಿಂಗ್ ಶಾಪಿಗೆ ಎಲ್ಲಾ ಸ್ಟಾರ್ ಕೊಡುತ್ತೇವೆ. ಇವರಿಗೆ ಯಾಕೆ ಕೊಡಬಾರದು?

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಐದಕ್ಕೆ ನಾಲ್ಕೂವರೆ. ಅವರನ್ನು ಕರೆತಂದು ನಿಲ್ಲಿಸಿದ ದೊಡ್ಡವರಿಗೆ ಎರಡು, ಅದೂ ಕೈ ಬಿಚ್ಚಿ ಕೊಟ್ಟರೆ.

ಬೆಂಗಳೂರಿನ ಆಚೆಯವರಿಗೆ ಎರಡು ಮಾತು. ಕಾರ್ತಿಕ ಮಾಸದ ಕೊನೆ ಸೋಮವಾರ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣ ಮತ್ತು ದೊಡ್ಡ ಗಣಪತಿ ದೇವಸ್ಥಾನದ ಸುತ್ತ ನಡೆಯುವ ಜಾತ್ರೆ ಇದು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ ಅಂತ ಈಗ ಬಡಾವಣೆಗಳಾಗಿರುವ ಊರುಗಳಲ್ಲೆಲ್ಲ ಒಂದು ಕಾಲಕ್ಕೆ ಕಡಲೆಕಾಯಿ ಬೆಳೆಯುತ್ತಿದ್ದರು. ಹುಣ್ಣಿಮೆ ರಾತ್ರಿ ಒಂದು ಬಸವ ಬಂದು ಬೆಳೆಯನ್ನೆಲ್ಲ ಮೇಯ್ದು ಹೋಗುತ್ತಿತ್ತಂತೆ, ಅದಕ್ಕೇ ಮೊದಲ ಫಸಲು ಬಸವಣ್ಣನಿಗೆ ಅಂತ ಹರಕೆ ಹೊತ್ತರಂತೆ. ಈಗ ಹೊಲ ಎಲ್ಲಿದೆ? ಕಾಯಿ ಬರುವುದು ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ ಕಡೆಯಿಂದ, ಆಂಧ್ರ ತಮಿಳುನಾಡಿನಿಂದ. ಹಬ್ಬ ಸೋಮವಾರ, ಆದರೆ ಹಿಂದಿನ ಶನಿವಾರ ಭಾನುವಾರಕ್ಕೇ ಅಂಗಡಿ ಹೂಡಿ, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ ಸೇರಿರುತ್ತಾರೆ. 2025ರಲ್ಲಿ ನವೆಂಬರ್ 17ರಿಂದ ಐದು ದಿನ ಮಾಡಿದರು. ಒಂದೆರಡು ದಿನದ ಜಾತ್ರೆ ಆಗಿದ್ದಾಗ ಬೀದಿಯ ಹುಡುಗರು, ಭಜನಾ ಮಂಡಳಿಯವರು ಸೇರಿ ಹೇಗೋ ನಿಭಾಯಿಸುತ್ತಿದ್ದರು. ಐದು ದಿನ ಅಂದರೆ ಪಾಳಿ ಬೇಕು, ಜನ ಬೇಕು. ಹತ್ತನೇ ಕ್ಲಾಸಿನವರನ್ನು ಸ್ಕೂಲಿನವರು ಕಳಿಸಲ್ಲ, ನವೆಂಬರ್ ಅಂದರೆ ಆಗಲೇ ಎಸ್ಸೆಸ್ಸೆಲ್ಸಿ ಜ್ವರ ಏರಿರುತ್ತದೆ. ಹಾಗಾಗಿ ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳ ಮೇಲೆ ಭಾರ ಬೀಳುತ್ತದೆ.

ನಮ್ಮ ಮನೆ ಹನುಮಂತನಗರದಲ್ಲಿ. ಸೋಮವಾರ ಸಂಜೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಆಮೇಲೆ ಇನ್ನೊಂದು ದಿನ, ಜನ ಸ್ವಲ್ಪ ಕರಗಿದ ಮೇಲೆ, ಮಧ್ಯಾಹ್ನದ ಹೊತ್ತೂ ಸುತ್ತಾಡಿ ಬಂದೆ. ಎರಡು ಹೊತ್ತಿನ ಅನುಭವ ಪೂರ್ತಿ ಬೇರೆ.

ನನಗೆ ತುಂಬಾ ಇಷ್ಟ ಆಗಿದ್ದು ಬಟ್ಟೆ ಚೀಲದ ಟೇಬಲ್. ಪರಿಷೆಗೆ ಚೀಲ ತನ್ನಿ ಅಂತ ಕೆಲವು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆಗಿದ್ದು 2016ರಲ್ಲಿ. ಆದರೂ ಜನ ಕೈಬೀಸಿಕೊಂಡು ಬರುತ್ತಾರೆ, ಅಂಗಡಿಯವರು ಗೋಣಿಚೀಲದ ಕೆಳಗಿಂದ ಮೆಲ್ಲಗೆ ಕವರ್ ತೆಗೆಯುತ್ತಾರೆ. ಇಲ್ಲಿ ಒಂದು ಪುಟ್ಟ ಹುಡುಗಿ ಮಾಡಿದ್ದನ್ನು ನೋಡಬೇಕಿತ್ತು. ಎರಡು ಜಡೆ, ರಿಬ್ಬನ್, ಕೈಯಲ್ಲಿ ಒಂದು ಕಟ್ಟು ಚೀಲ. ಟೇಬಲ್ ಹಿಂದೆ ಕೂತು ಯಾರು ಬರುತ್ತಾರೆ ಅಂತ ಕಾಯುವುದು ಬಿಟ್ಟು, ಯಾರಾದರೂ ಸೇರಿಗೆ ರೇಟ್ ಕೇಳಿದ ಕೂಡಲೇ ಅವರ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಅಂಗಡಿಯವರು ಸೇರಿನ ಮೇಲೆ ಗೋಪುರ ಏರಿಸಿ ಅಳೆಯುತ್ತಾರಲ್ಲ, ಆ ಹೊತ್ತಿಗೆ ಸರಿಯಾಗಿ ಚೀಲದ ಬಾಯಿ ಬಿಡಿಸಿ ಹಿಡಿಯುವುದು. ಕಾಯಿ ಚೀಲಕ್ಕೆ ಬಿದ್ದೇ ಬಿಡುತ್ತಿತ್ತು. ಆಮೇಲೆ ಚೀಲದ ದುಡ್ಡು ಕೇಳುವುದು. ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತದೆ? ಒಬ್ಬ ಅಂಗಡಿಯವರು "ಏನ್ ಪುಟ್ಟಿ, ನನ್ ವ್ಯಾಪಾರ ಹಾಳು ಮಾಡ್ತೀಯಾ" ಅಂದರು, ನಗುತ್ತಲೇ. "ಇಲ್ಲ ಅಂಕಲ್, ಕವರ್ ಕಾಸು ಉಳೀತಲ್ಲ ನಿಮಗೆ" ಅಂದಳು. ಅವರು ಅವಳ ಕೈಗೆ ಒಂದು ಹಿಡಿ ಹುರಿದ ಕಾಯಿ ಹಾಕಿದರು. ಅವಳು ತಿನ್ನಲಿಲ್ಲ, ಜೇಬಿಗೆ ಇಟ್ಟುಕೊಂಡಳು, ಯಾಕೆಂದರೆ ಕೈ ಖಾಲಿ ಬೇಕಿತ್ತು.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳಿದೆ. ಅವಳೇ ಕಂಡುಕೊಂಡಿದ್ದು. ಹೈಸ್ಕೂಲ್ ಮಕ್ಕಳಿಗೆ ಒಂದು ಕೆಲಸ ಅಂತ ನಿಜವಾಗಿ ಕೊಟ್ಟರೆ ಅದನ್ನು ನಾವು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುತ್ತಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಸುಮ್ನೆ ನಿಲ್ಲಿಸಿದರೆ ಅವರೂ ಸುಮ್ನೆ ನಿಲ್ಲುತ್ತಾರೆ. ಪರಿಷೆಯಲ್ಲಿ ಎರಡೂ ನೋಡಿದೆ.

ಸುಮ್ನೆ ನಿಲ್ಲಿಸಿದ್ದು ಎಲ್ಲಿ ಅಂದರೆ, ದಾರಿ ತೋರಿಸುವ ಕಡೆ. "ಸಹಾಯ ಕೇಂದ್ರ" ಅಂತ ದೊಡ್ಡ ಬ್ಯಾನರ್, ಅದರ ಕೆಳಗೆ ಇಬ್ಬರು ಹುಡುಗರು. ಅತ್ತೆಗೆ ಅರ್ಜೆಂಟಾಗಿ ಶೌಚಾಲಯಕ್ಕೆ ಹೋಗಬೇಕಿತ್ತು, ಕೇಳಿದೆ. ಹುಡುಗ ಪಾಪ ಮುಖ ಮುಖ ನೋಡಿದ. ಅವನಿಗೆ ಗೊತ್ತಿಲ್ಲ. ಅವನು ಆ ಏರಿಯಾದವನೇ ಅಲ್ಲ, ಬೆಳಗ್ಗೆ ಸ್ಕೂಲ್ ಬಸ್ಸಿನಲ್ಲಿ ತಂದು ಇಳಿಸಿದ್ದಾರೆ, ಇಲ್ಲಿ ನಿಲ್ಲು ಅಂದಿದ್ದಾರೆ, ಅಷ್ಟೇ. ಒಂದು ನಕ್ಷೆ ಇಲ್ಲ, ಒಂದು ಚೀಟಿ ಇಲ್ಲ. ಮೊಬೈಲ್ ಟಾಯ್ಲೆಟ್ ಎಲ್ಲಿ ನಿಲ್ಲಿಸಿದ್ದಾರೆ, ಕುಡಿಯುವ ನೀರು ಎಲ್ಲಿ, ಆಂಬುಲೆನ್ಸ್ ಯಾವ ಕಡೆ, ಬ್ಯೂಗಲ್ ರಾಕ್ ಪಾರ್ಕಿಗೆ ಒಳಗೆ ಹೋಗೋಕೆ ಯಾವ ಗೇಟು, ಮೆಟ್ರೋಗೆ ಹೇಗೆ ಹೋಗಬೇಕು. ಇಷ್ಟು ಐದು ಉತ್ತರ ಒಂದು ರಟ್ಟಿನ ಮೇಲೆ ಬರೆದು ಕೊರಳಿಗೆ ಹಾಕಿದ್ದರೆ ಸಾಕಿತ್ತು. ಆದರೂ ಹುಡುಗ ಕೈ ಚೆಲ್ಲಲಿಲ್ಲ. "ಆಂಟಿ ಒಂದು ನಿಮಿಷ" ಅಂತ ಓಡಿದ, ಕೇಳಿಕೊಂಡು ಬಂದ, ಅತ್ತೆಯ ಕೈ ಹಿಡಿದುಕೊಂಡು ತಾನೇ ಕರೆದುಕೊಂಡು ಹೋದ. "ಅಜ್ಜಿ, ವೈರ್ ಇದೆ ನೋಡ್ಕೊಂಡು" ಅನ್ನುತ್ತಾ ಒಂದೊಂದು ಕೇಬಲ್ ದಾಟಿಸಿದ. ಅತ್ತೆ ಈಗಲೂ ಆ ಹುಡುಗನ ವಿಷಯ ಹೇಳುತ್ತಾರೆ. ಅರ್ಧ ಸ್ಟಾರ್ ಕಡಿಮೆ ಆಗಿದ್ದು ಇಂಥ ಕಡೆಗೇ, ಅದೂ ಮಕ್ಕಳ ತಪ್ಪಿಗಲ್ಲ ಅಂತ ಗೊತ್ತಿದ್ದೂ ಕಳೆದಿದ್ದೇನೆ, ಸೇವೆ ಅಂದರೆ ಸೇವೆ.

ಕಳೆದುಹೋದ ಮಕ್ಕಳ ಟೆಂಟಿನಲ್ಲಿ ಗೈಡ್ಸ್ ಹುಡುಗಿಯರು ಇದ್ದರು, ಇವರಿಗೆ ಪೂರ್ತಿ ಐದು. ಮೈಕ್ ಇರುವುದು ಒಂದು ಕಡೆ, ಟೆಂಟ್ ಇನ್ನೊಂದು ಕಡೆ. ಪೀಪಿ ಸದ್ದಿನಲ್ಲಿ ಮೈಕ್ ಹೇಳಿದ್ದು ಅರ್ಧ ಜನಕ್ಕೆ ಕೇಳುವುದಿಲ್ಲ. ಮಕ್ಕಳ ಕೈಯಲ್ಲಿ ಫೋನ್ ಇಲ್ಲ. ಹಾಗಾಗಿ ಚೀಟಿ ಬರೆದು ಇಬ್ಬರು ಓಡಾಡುತ್ತಿದ್ದರು, ಮಗುವಿನ ಹೆಸರು, ಅಂಗಿ ಬಣ್ಣ, ಎಲ್ಲಿ ಸಿಕ್ಕಿತು. ಅದಕ್ಕಿಂತ ಒಳ್ಳೆ ಕೆಲಸ ಇನ್ನೊಂದು: ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಂದವರನ್ನು ನಿಲ್ಲಿಸಿ, ಮಗುವಿನ ಮೊಣಕೈ ಕೆಳಗೆ ಬಾಲ್ ಪೆನ್ನಿನಲ್ಲಿ ಅಪ್ಪನದೋ ಅಮ್ಮನದೋ ಫೋನ್ ನಂಬರ್ ಬರೆದು ಕಳಿಸುತ್ತಿದ್ದರು. ಬೆವರಿಗೆ ಅಳಿಸಿಹೋಗುತ್ತೆ ಅಂತ ಮೇಲೆ ಸೆಲ್ಲೋಟೇಪ್ ಅಂಟಿಸುತ್ತಿದ್ದಳು ಒಬ್ಬಳು. ಸ್ಕೌಟ್ಸ್ ಗೈಡ್ಸ್‌ನಲ್ಲಿ ಪ್ರಥಮ ಚಿಕಿತ್ಸೆ, ಗಂಟು ಹಾಕೋದು, ಗುಂಪಿನಲ್ಲಿ ಕೆಲಸ ಹಂಚಿಕೊಳ್ಳೋದು ಎಲ್ಲಾ ಕಲಿಸುತ್ತಾರೆ, ಆ ತರಬೇತಿ ಇಲ್ಲಿ ಎದ್ದು ಕಾಣುತ್ತಿತ್ತು. ಬರೀ ಬ್ಯಾಡ್ಜ್ ಹಾಕಿಸಿ ಕರೆತಂದ ಗುಂಪಿಗೂ ಇವರಿಗೂ ಇದ್ದ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತಿತ್ತು.

ಕಸದ ವಿಷಯಕ್ಕೆ ಬಂದರೆ ಮರ್ಯಾದೆ ಹೋಗುವುದು ನಮ್ಮದು. ಬೇಯಿಸಿದ ಕಡಲೆಕಾಯಿ ಸಿಪ್ಪೆ ತೇವ ಇರುತ್ತದೆ, ರಸ್ತೆಗೆ ಅಂಟಿಕೊಂಡು ಕಾಲು ಜಾರುತ್ತದೆ. ಹುರಿದದ್ದರ ಸಿಪ್ಪೆ ಹಗುರ, ಹಾರಿ ಮೋರಿ ಸೇರುತ್ತದೆ. ಹಸಿ ಕಸಕ್ಕೆ ಒಂದು ಡಬ್ಬಿ, ಒಣ ಕಸಕ್ಕೆ ಒಂದು ಅಂತ ಇಟ್ಟು ಪಕ್ಕ ಮಕ್ಕಳು ನಿಂತಿದ್ದರು. ಒಬ್ಬ ಮಹಾನುಭಾವ, ಹುಡುಗ ಡಬ್ಬಿ ತೋರಿಸುತ್ತಿರುವಾಗಲೇ, ಅವನ ಕಾಲ ಹತ್ತಿರ ಸಿಪ್ಪೆ ಉದುರಿಸಿಕೊಂಡು ಹೋದ. ಹುಡುಗ ಏನೂ ಅನ್ನಲಿಲ್ಲ, ಬಗ್ಗಿ ಎತ್ತಿದ. ಅವನಿಗೆ ಕೊಟ್ಟಿದ್ದ ಗ್ಲೌಸ್ ದೊಡ್ಡವರ ಅಳತೆಯದು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ. ಬಿದ್ದುಹೋಗದಿರಲಿ ಅಂತ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದ, ಕೆಂಪಗೆ ಗುರುತು ಬಿದ್ದಿತ್ತು. ಮಕ್ಕಳು ಕೆಲಸ ಮಾಡುತ್ತಾರೆ ಅಂತ ಗೊತ್ತಿದ್ದ ಮೇಲೆ ಮಕ್ಕಳ ಅಳತೆ ಗ್ಲೌಸ್ ತರೋಕೆ ಏನು ಕಷ್ಟ?

ಈಗ ಹೊಟ್ಟೆ ಉರಿದ ವಿಷಯ. ಸೋಮವಾರ ಸಂಜೆ ಏಳು ಗಂಟೆ ದಾಟಿತ್ತು. ಲೈಟಿಂಗ್ ನೋಡೋಕೆ ಅಂತ ಆಫೀಸ್ ಬಿಟ್ಟವರೆಲ್ಲ ಬರುವ ಹೊತ್ತು. ದೇವಸ್ಥಾನದ ಕಡೆ ಜನರನ್ನು ತಡೆಯೋಕೆ ಹಗ್ಗ ಕಟ್ಟಿದ್ದರು, ಆ ಹಗ್ಗದ ಒಂದು ತುದಿ ಹಿಡಿದುಕೊಂಡು ನಿಂತಿದ್ದು ಒಂಬತ್ತನೇ ಕ್ಲಾಸಿನ ಮೂವರು ಹುಡುಗಿಯರು. ಹಿಂದಿನಿಂದ ಗಂಡಸರ ಗುಂಪು ನೂಕುತ್ತಿದೆ, ಹಗ್ಗ ಇವರ ಕೈ ಕೊಯ್ಯುತ್ತಿದೆ, ಒಬ್ಬಳ ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿದೆ, ಸರಿ ಮಾಡಿಕೊಳ್ಳೋಕೆ ಕೈ ಬಿಡುವ ಹಾಗಿಲ್ಲ. ಅವರನ್ನು ಕರೆತಂದಿದ್ದ ಮೇಷ್ಟ್ರು ಎಲ್ಲಿ ಅಂತ ಕೇಳಿದರೆ, ಸ್ಟೇಜ್ ಹತ್ತಿರ ಫೋಟೋ ತೆಗೆಸಿಕೊಳ್ಳೋಕೆ ಹೋಗಿದ್ದಾರೆ ಅಂದರು. ನಾವು ನಾಲ್ಕೈದು ಹೆಂಗಸರು ಹೋಗಿ ಹಗ್ಗ ತೆಗೆದುಕೊಂಡು, ಹತ್ತಿರ ಇದ್ದ ಪೊಲೀಸಿನವರಿಗೆ ಕೂಗಿ ಹೇಳಿದೆವು, ಅವರು ತಕ್ಷಣ ಬಂದು ಮಕ್ಕಳನ್ನು ಆಚೆ ಕಳಿಸಿದರು. ಜನ ತಡೆಯುವುದು ಮಕ್ಕಳ ಕೆಲಸವೇ ಅಲ್ಲ. ಜಾತ್ರೆ ಯಾವುದೇ ಇರಲಿ. ಕಾಲ್ತುಳಿತ ಅಂದರೆ ಏನು ಅಂತ ಈ ಊರಿಗೆ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಾಗಲೇ ಗೊತ್ತಾಗಿದೆ. ಅದಾಗಿ ಆರು ತಿಂಗಳೂ ಆಗಿರಲಿಲ್ಲ.

ಊಟದ ಕಥೆಯೂ ಅಷ್ಟೇ. ಮಧ್ಯಾಹ್ನ ಹೋದಾಗ ಎರಡೂವರೆಗೆ ಪುಳಿಯೋಗರೆ ಪೊಟ್ಟಣ ಬಂತು, ಕಾಟಾಚಾರಕ್ಕೆ ಅನ್ನುವ ಹಾಗೆ. ನೀರಿನ ಕ್ಯಾನ್ ಖಾಲಿ. ಕೂರೋಕೆ ಕುರ್ಚಿ ಇದ್ದವು, ಅದರಲ್ಲಿ ಕೂತಿದ್ದವರು ಬೇರೆ. ಮಕ್ಕಳು ಕಲ್ಲುಬೆಂಚಿನ ಮೇಲೆ, ಫುಟ್‌ಪಾತ್ ಅಂಚಿನಲ್ಲಿ ಕೂತು ತಿಂದರು. ಪಕ್ಕದ ಬೆಂಡು ಬತ್ತಾಸಿನ ಅಂಗಡಿ ಅಜ್ಜಿ ತಮ್ಮ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು, "ಕುಡೀರಿ ಕಂದಾ, ಬಿಸಿಲಲ್ಲಿ ನಿಂತಿದೀರ" ಅಂತ. ಐದು ಸ್ಟಾರ್ ಆ ಅಜ್ಜಿಗೆ.

ಸರ್ಟಿಫಿಕೇಟ್ ಆಸೆಗೆ ಬಂದಿರ್ತಾರೆ ಬಿಡಿ ಅಂತ ಮೂಗು ಮುರಿಯುವವರು ಇದ್ದಾರೆ. ಬರಲಿ, ಏನೀಗ? ಸ್ಕೌಟ್ಸ್ ಗೈಡ್ಸ್ ಮಕ್ಕಳಿಗೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲು ಇದೆ, ಅದಕ್ಕೆ ಸೇವೆ ಮಾಡಿದ ಲೆಕ್ಕ ತೋರಿಸಬೇಕು. ನಾವು ಓವರ್‌ಟೈಮ್ ಲೆಕ್ಕ ಇಡುವುದಿಲ್ಲವಾ? ಕಾಗದಕ್ಕಾಗಿ ಬಂದ ಹುಡುಗನೇ ಅತ್ತೆಯ ಕೈ ಹಿಡಿದದ್ದು. ನನ್ನ ತಕರಾರು ಇರುವುದು ಮಧ್ಯಾಹ್ನ ಬಂದು ಫೋಟೋಗೆ ನಿಂತು ಹೋದವರಿಗೂ, ಬೆಳಗ್ಗಿಂದ ಕಸ ಎತ್ತಿದವರಿಗೂ ಒಂದೇ ಕಾಗದ ಕೊಡುತ್ತಾರೆ ಅನ್ನುವುದರ ಬಗ್ಗೆ. ಇದನ್ನು ನನಗೆ ಹೇಳಿದ್ದು ಮಕ್ಕಳೇ, ಅವರಿಗೆ ಎಲ್ಲಾ ಕಾಣುತ್ತದೆ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಜೊತೆ ಹೋಲಿಸುವವರಿಗೆ ಒಂದು ಮಾತು. ಅಲ್ಲಿ ಗೇಟಿದೆ, ಟಿಕೆಟ್ ಇದೆ, ಗಾಜಿನ ಮನೆ ಸುತ್ತ ಸಾಲಿನಲ್ಲೇ ಹೋಗಬೇಕು. ಮಕ್ಕಳನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಸುಲಭ. ಪರಿಷೆಗೆ ಗೇಟೇ ಇಲ್ಲ, ಹತ್ತು ಗಲ್ಲಿಯಿಂದ ಜನ ಸುರಿಯುತ್ತಾರೆ. ಅದಕ್ಕೇ ಇಲ್ಲಿ ತಯಾರಿ ಜಾಸ್ತಿ ಬೇಕು, ಇದ್ದದ್ದು ಕಡಿಮೆ.

ಮುಂದಿನ ಸಲ ನಿಮ್ಮ ಮಕ್ಕಳನ್ನು ಕಳಿಸುವುದಾದರೆ ಕಳಿಸಿ, ನಾನಂತೂ ನನ್ನ ಮಗಳನ್ನು ಕಳಿಸುತ್ತೇನೆ, ಮುಂದಿನ ವರ್ಷ ಅವಳು ಎಂಟನೇ ಕ್ಲಾಸು. ಆದರೆ ಸ್ಕೂಲಿನವರನ್ನು ಮೊದಲೇ ಕೇಳಿ: ಏನು ಕೆಲಸ, ಎಷ್ಟು ಗಂಟೆಗೆ ಬಿಡುತ್ತೀರಿ, ಜೊತೆಗೆ ಯಾವ ಟೀಚರ್ ಇರುತ್ತಾರೆ, ಅವರ ಫೋನ್ ನಂಬರ್ ಏನು. ಐದು ಗಂಟೆ ಮೇಲೆ ನಿಲ್ಲಿಸಬೇಡಿ ಅಂತ ಬರೆದುಕೊಡಿ. ನೀರಿನ ಬಾಟಲ್, ಟೋಪಿ, ಒಂದು ಡಬ್ಬಿ ಮೊಸರನ್ನ ಕಟ್ಟಿ. ಹಳೇ ಶೂ ಹಾಕಿಸಿ, ಸಿಪ್ಪೆ ಮೇಲೆ ಚಪ್ಪಲಿ ಜಾರುತ್ತದೆ. ಅವರ ಅಳತೆಯ ಗ್ಲೌಸ್ ಒಂದು ಜೊತೆ ನೀವೇ ಬ್ಯಾಗಿಗೆ ಹಾಕಿಬಿಡಿ. ವಾಪಸ್ ಕರೆತರೋಕೆ ಗಾಡಿ ತೆಗೆದುಕೊಂಡು ಬುಲ್ ಟೆಂಪಲ್ ರೋಡಿಗೆ ಹೋಗಬೇಡಿ, ಸಿಕ್ಕಿಹಾಕಿಕೊಳ್ಳುತ್ತೀರಿ. ನ್ಯಾಷನಲ್ ಕಾಲೇಜ್ ಮೆಟ್ರೋ ಹತ್ತಿರ ನಿಂತಿರ್ತೀನಿ ಅಂತ ಹೇಳಿ, ಟೀಚರ್ ಜೊತೆ ಗುಂಪಾಗಿ ನಡೆದುಕೊಂಡು ಬರಲಿ.