ಕಮೋಡೋರ್ 64ರ ದಾಳದಾಟ: ಬಹಳ ಕಾಲ ಆಡಿದವನ ವಿಮರ್ಶೆ

ಐದು ದಾಳ, ಹದಿಮೂರು ಸುತ್ತು, ಸುತ್ತಿಗೆ ಮೂರು ಎಸೆತ. ಅಮೆರಿಕದಲ್ಲಿ 1956ರಿಂದ ಮಾರಾಟವಾದ ಯಾಟ್ಸಿ ಆಟದ ನಿಯಮ ಇಷ್ಟೇ. 80ರ ದಶಕದಲ್ಲಿ ಇದನ್ನು ಮನೆ ಕಂಪ್ಯೂಟರಿಗೆ ಇಳಿಸಿದ ಹವ್ಯಾಸಿಗಳಿಗೆ ಲೆಕ್ಕವಿಲ್ಲ. ನಾನು ಆಡುವುದೂ ಅಂಥದ್ದೇ ಒಂದು, ಕಮೋಡೋರ್ 64 ಎಂಬ ಆ ಕಾಲದ ಮನೆ ಕಂಪ್ಯೂಟರಿಗೆ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದ ಶೇರ್‌ವೇರ್ (ಆಡಿ ನೋಡಿ ಆಮೇಲೆ ಹಣ ಕೊಡುವ ಆಟ). ಅಸಲಿ ಯಂತ್ರ ನನ್ನ ಹತ್ತಿರ ಇಲ್ಲ. ಲ್ಯಾಪ್‌ಟಾಪಿನಲ್ಲಿ ಆ ಯಂತ್ರವನ್ನು ಅನುಕರಿಸುವ ವೈಸ್ ಎಮ್ಯುಲೇಟರ್ ಹಾಕಿಕೊಂಡು ವರ್ಷಗಳಿಂದ ಆಡುತ್ತಿದ್ದೇನೆ.

ನೋಡೋಕೆ ಏನೂ ಇಲ್ಲ, ಆದರೆ ಅಚ್ಚುಕಟ್ಟಾಗಿದೆ. ಪರದೆಯಲ್ಲಿ ಇರುವುದು 40 ಕಾಲಂ, 25 ಸಾಲು. ಎಡಕ್ಕೆ ಸುತ್ತಿಗೊಂದರಂತೆ ತುಂಬುವ ಹದಿಮೂರು ಮನೆಗಳ ಸ್ಕೋರ್ ಪಟ್ಟಿ, ಬಲಕ್ಕೆ ಐದು ದಾಳ. ದಾಳದ ಮೇಲಿನ ಚುಕ್ಕಿ ಚಿತ್ರವಲ್ಲ, ಶಿಫ್ಟ್ ಹಿಡಿದು ಕ್ಯೂ ಒತ್ತಿದರೆ ಬರುವ ದುಂಡನೆಯ ಬೊಟ್ಟು. ಉಳಿಸಿಕೊಳ್ಳಬೇಕಾದ ದಾಳಕ್ಕೆ 1ರಿಂದ 5ರ ಕೀ. ಮೌಸ್ ಇಲ್ಲ, ಜಾಯ್‌ಸ್ಟಿಕ್ ಇಲ್ಲ. ಒಂದೆರಡು ಆಟ ಆದ ಮೇಲೆ ಬೆರಳು ತಾನೇ ಓಡುತ್ತದೆ. ಈಗಿನ ಫೋನ್ ಆಟಗಳಲ್ಲಿ ಪ್ರತಿ ಸುತ್ತಿಗೂ ಜಾಹೀರಾತು ನೋಡಬೇಕು, ಇಲ್ಲಿ ಆ ಕಾಟ ಇಲ್ಲ.

ದೊಡ್ಡ ತಕರಾರು ಗರದ್ದೇ. ಯಂತ್ರ ಆನ್ ಮಾಡಿ ಆಟ ಶುರು ಮಾಡಿದಾಗಲೆಲ್ಲ ಮೊದಲ ದಾಳ 2. ಮುಂದಿನವೂ ಪ್ರತಿ ಸಲ ಅವೇ! ಗರಕ್ಕೆ ಸಂಖ್ಯೆ ಕೊಡುವ ಕಮೋಡೋರ್ ಬೇಸಿಕ್‌ನ ಆರ್‌ಎನ್‌ಡಿ(1) ನಿಜವಾಗಿ ಚೀಟಿ ಎತ್ತುವುದಿಲ್ಲ. ಒಂದು ಬೀಜದಿಂದ, ಅಂದರೆ ಶುರುವಿನ ಸಂಖ್ಯೆಯಿಂದ, ಲೆಕ್ಕ ಹಾಕುತ್ತಾ ಹೋಗುತ್ತದೆ, ಮತ್ತು ಆನ್ ಮಾಡಿದಾಗ ಆ ಬೀಜ ಯಾವಾಗಲೂ ಒಂದೇ. ಮೊದಲು ಬರುವ ಸಂಖ್ಯೆ 0.1855 ಚಿಲ್ಲರೆ. ಆರರಿಂದ ಗುಣಿಸಿ, ದಶಾಂಶ ಬಿಟ್ಟು, ಒಂದು ಕೂಡಿಸಿ. ಎರಡು ಬಂತಲ್ವಾ? ಚೌಕಾಬಾರದಲ್ಲಿ ಎದುರಿನವನು ಹೀಗೆ ಕವಡೆ ಹಾಕಿದ್ದರೆ ಜಗಳವೇ ಆಗುತ್ತಿತ್ತು.

ಬೇಸಿಕ್ ಆಟದ ಸುಖ ಅಂದರೆ ರಿಪೇರಿ ನಮ್ಮ ಕೈಯಲ್ಲೇ ಇರುತ್ತದೆ. ಸ್ಟಾಪ್ ಒತ್ತಿ, ಲಿಸ್ಟ್ ಕೊಟ್ಟರೆ ಪೂರ್ತಿ ಪ್ರೋಗ್ರಾಂ ಕಣ್ಣ ಮುಂದೆ. ಎಕ್ಸ್=ಆರ್‌ಎನ್‌ಡಿ(-ಟಿಐ) ಎಂಬ ಒಂದು ಸಾಲು ಸೇರಿಸಿದೆ, ಅದು ಟಿಐಯಿಂದ ಹೊಸ ಬೀಜ ಹಾಕುತ್ತದೆ. ಟಿಐ ಅಂದರೆ ಆನ್ ಆದಾಗಿನಿಂದ ಎಣಿಸುವ ಗಡಿಯಾರ, ಸೆಕೆಂಡಿಗೆ 60 ಸಲ ಮುಂದೆ ಹೋಗುತ್ತದೆ. ಈ ಸಾಲನ್ನು ಪ್ರೋಗ್ರಾಂನ ತಲೆಯಲ್ಲಿ ಹಾಕಬೇಡಿ. ‘ಯಾವುದಾದರೂ ಕೀ ಒತ್ತಿ’ ಅನ್ನುವ ಪರದೆ ದಾಟಿದ ಮೇಲೆ ಹಾಕಿ. ನೀವು ಕೀ ಒತ್ತುವ ಗಳಿಗೆ ಪ್ರತಿ ಸಲ ಬೇರೆ, ಹಾಗಾಗಿ ಬೀಜವೂ ಬೇರೆ ಆಗುತ್ತದೆ.

ಇನ್ನೊಂದು ತಪ್ಪು ಬೋನಸ್‌ನಲ್ಲಿದೆ. ಮೇಲಿನ ಆರು ಮನೆಗಳಲ್ಲಿ (ದಾಳದ ಒಂದೊಂದು ಸಂಖ್ಯೆಗೆ ಒಂದೊಂದು ಮನೆ) ಒಟ್ಟು 63 ಬಂದರೆ 35 ಅಂಕ ಹೆಚ್ಚು ಸಿಗಬೇಕು. ಒಂದರಿಂದ ಆರರ ತನಕ ಮೂರು ಮೂರು ದಾಳ ಕೂಡಿದರೆ ಸರಿಯಾಗಿ 63. ಇಲ್ಲಿ 64 ಆದರೆ ಮಾತ್ರ ಕೊಡುತ್ತದೆ! ‘ಹೆಚ್ಚು ಅಥವಾ ಸಮ’ ಅಂತ ಬರೆಯಬೇಕಾದಲ್ಲಿ ಬರೀ ‘ಹೆಚ್ಚು’ ಅಂತ ಬರೆದಿದ್ದಾರೆ. ಅದನ್ನೂ ತಿದ್ದಿಕೊಂಡೆ. ಹೊಟ್ಟೆ ಉರಿಯುವ ತಪ್ಪು ಅಂದರೆ ಇದೇ, ಯಾಕೆಂದರೆ ಗೆಲುವು ಸೋಲು ಎಷ್ಟೋ ಸಲ ಆ 35ರ ಮೇಲೇ ನಿಂತಿರುತ್ತದೆ.

ಗರ ಸರಿಹೋದ ಮೇಲೆ ಆಟ ನಿಜಕ್ಕೂ ರಂಗೇರುತ್ತದೆ. ಐದೂ ದಾಳ ಒಂದೇ ಆಗಲಿ ಅಂತಲೇ ಆಡಿದರೂ ಮೂರು ಎಸೆತದಲ್ಲಿ ಅದು ಸಿಗುವ ಸಾಧ್ಯತೆ ನೂರಕ್ಕೆ ಐದೂ ಇಲ್ಲ. ಒಂದೇ ಎಸೆತಕ್ಕಾದರೆ 1,296ರಲ್ಲಿ ಒಂದು. ಆದರೂ ಆಸೆ ಬಿಡುವುದಿಲ್ಲ. ಮಕ್ಕಳ ಜೊತೆ ಸರದಿ ಪ್ರಕಾರ ಆಡಿದರೆ ಇನ್ನೂ ಮಜಾ. ಒಬ್ಬರೇ ಕೂತು ಆಡಿದರೆ ಸ್ವಲ್ಪ ಹೊತ್ತಿಗೆ ಬೇಸರ ಬರುತ್ತದೆ, ಸುಳ್ಳು ಹೇಳಲ್ಲ.

ದುಡ್ಡಿನ ವಿಷಯ. ಮೊದಲು ಆಡಿ, ಹಿಡಿಸಿದರೆ ಬರೆದವರಿಗೆ ಹಣ ಕಳಿಸಿ ಅನ್ನುವುದು ಶೇರ್‌ವೇರ್ ಪದ್ಧತಿ. ಐಬಿಎಂ ಪಿಸಿ ಲೋಕದಲ್ಲಿ ಪಿಸಿ-ಟಾಕ್, ಪಿಸಿ-ಫೈಲ್ ಎಂಬ ಪ್ರೋಗ್ರಾಂಗಳು 1982ರ ಸುಮಾರಿಗೇ ಹೀಗೆ ಹೊರಟಿದ್ದವು. ಈ ಆಟದ ಮೊದಲ ಪರದೆಯಲ್ಲೂ ಅದೇ ಕೋರಿಕೆ ಇದೆ. ಹಳೆಯ ಅಂಚೆ ವಿಳಾಸಕ್ಕೆ ಕಾಗದ ಹಾಕಿ ಕೇಳಿದೆ, ಉತ್ತರ ಬಂದಿಲ್ಲ. ಹೀಗಾಗಿ ಇನ್ನೂ ಪುಕ್ಕಟೆ ಆಡುತ್ತಿದ್ದೇನೆ.

ಅಸಲಿ ಕಮೋಡೋರ್ ಇರುವವರಿಗೆ ಒಂದು ಮಾತು: ಅದರ 1541 ಫ್ಲಾಪಿ ಡ್ರೈವ್ ತುಂಬಾ ನಿಧಾನ, ಸೆಕೆಂಡಿಗೆ ಸುಮಾರು 400 ಬೈಟ್. ಆಟ ಲೋಡ್ ಆಗುವ ತನಕ ತಾಳ್ಮೆ ಇರಲಿ. ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲ ಹಾಗೇ ಇರಲಿ. ನನ್ನಿಂದ ಐದಕ್ಕೆ ಮೂರೂವರೆ ಅಂಕ. ತಿದ್ದಿದ್ದಕ್ಕಾದರೆ ನಾಲ್ಕು.