ಕುದುರೆ, ಕೋವಿ, ಯಂತ್ರ: ಮೂರು ರಾತ್ರಿ ನೋಡಿದ ಮೂರು ಚಿತ್ರಗಳು

ಕೌಬಾಯ್ ಕಥೆಗೆ ವಿಜ್ಞಾನದ ಕಲ್ಪನೆಯನ್ನು ಬೆರೆಸಿದ ಹಾಲಿವುಡ್ ಚಿತ್ರಗಳಲ್ಲಿ ಮೂರನ್ನು ಆಯ್ದು, ಕಳೆದ ವಾರ ಸಾಲಾಗಿ ಮೂರು ರಾತ್ರಿ ನೋಡಿದೆ: 2011ರ ‘ಕೌಬಾಯ್ಸ್ ಆ್ಯಂಡ್ ಏಲಿಯನ್ಸ್’, 1973ರ ‘ವೆಸ್ಟ್‌ವರ್ಲ್ಡ್’ ಮತ್ತು 1990ರ ‘ಬ್ಯಾಕ್ ಟು ದ ಫ್ಯೂಚರ್’ ಮೂರನೆಯ ಭಾಗ. ಪಿಯುಸಿ ಓದುತ್ತಿರುವ ಅಕ್ಕನ ಮಗ ಜೊತೆಗಿದ್ದ. ಬೇಸರವಾದ ಮರುಕ್ಷಣ ಮೊಬೈಲಿಗೆ ಕೈಹಾಕುವ ಅವನಿಗಿಂತ ನಿಷ್ಠುರ ವಿಮರ್ಶಕ ನಮ್ಮ ಮನೆಯಲ್ಲಿಲ್ಲ. ನಾನು ಇಟ್ಟುಕೊಂಡ ಒರೆಗಲ್ಲು ಒಂದೇ: ಕುದುರೆ, ಕೋವಿಗಳನ್ನಾಗಲಿ ಯಂತ್ರವನ್ನಾಗಲಿ ಕಥೆಯಿಂದ ಕಿತ್ತರೆ ಉಳಿದದ್ದು ನಿಲ್ಲುತ್ತದೆಯೇ, ಕುಸಿಯುತ್ತದೆಯೇ?

‘ಕೌಬಾಯ್ಸ್ ಆ್ಯಂಡ್ ಏಲಿಯನ್ಸ್’ ಆರಂಭವಾಗುವ ಬಗೆ ಸೊಗಸಾಗಿದೆ. 1873ರ ಮರುಭೂಮಿಯಲ್ಲಿ ಎಚ್ಚರಗೊಳ್ಳುವ ಡೇನಿಯಲ್ ಕ್ರೇಗ್‌ಗೆ ತಾನು ಯಾರೆಂಬುದೇ ನೆನಪಿಲ್ಲ. ಮುಂಗೈಗೆ ಬಿಗಿದಿರುವ ಲೋಹದ ಪಟ್ಟಿಯನ್ನು ಕಲ್ಲಿನಿಂದ ಜಜ್ಜಿದರೂ ಅದು ಕಳಚುವುದಿಲ್ಲ. ಮುಂದೆ ಊರಿನ ಮೇಲೆ ಎರಗುವ ಅನ್ಯಗ್ರಹದ ವಾಹನಗಳು ಆಕಾಶದಿಂದ ಕುಣಿಕೆ ಎಸೆದು ಮನುಷ್ಯರನ್ನು ಎತ್ತಿಕೊಂಡು ಹೋಗುತ್ತವೆ. ಹಗ್ಗ ಬೀಸಿ ದನ ಹಿಡಿದವರೇ ದನಗಳಂತೆ ಹಿಡಿಯಲ್ಪಡುವ ಈ ವ್ಯಂಗ್ಯ ಚಿತ್ರದ ಅತ್ಯುತ್ತಮ ಕಲ್ಪನೆ. ಬಂದವರು ಚಿನ್ನಕ್ಕಾಗಿ ಬಂದಿದ್ದಾರೆ ಎಂಬುದೂ ಆ ಕಾಲದ ಚಿನ್ನದ ಹುಚ್ಚಿಗೆ ತಕ್ಕಂತಿದೆ. ಆದರೆ ನಿರ್ದೇಶಕ ಜಾನ್ ಫಾವ್ರೊ ಈ ಎಳೆಗಳನ್ನು ಹಿಡಿದು ಮುಂದೆ ಹೋಗುವುದಿಲ್ಲ. ಉತ್ತರಾರ್ಧದ ಕಾಳಗದಲ್ಲಿ ಕೌಬಾಯ್‌ಗಳ ಬದಲು ಸೈನಿಕರನ್ನು ನಿಲ್ಲಿಸಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಇಂಥ ತಮಾಷೆಯ ಹೆಸರಿಟ್ಟುಕೊಂಡ ಚಿತ್ರ ಇಷ್ಟು ಗಂಭೀರವಾಗಿ ಮುಖ ಬಿಗಿದುಕೊಂಡಿರುವುದೇಕೆ ಎಂಬುದೂ ನನಗೆ ಅರ್ಥವಾಗಲಿಲ್ಲ. ಹುಡುಗ ಎರಡು ಬಾರಿ ಮೊಬೈಲ್ ತೆಗೆದ.

ಮೈಕೆಲ್ ಕ್ರೈಟನ್ ಬರೆದು ನಿರ್ದೇಶಿಸಿದ ‘ವೆಸ್ಟ್‌ವರ್ಲ್ಡ್’ ಕೇವಲ 88 ನಿಮಿಷದ್ದು. ದಿನಕ್ಕೆ 1000 ಡಾಲರ್ ತೆತ್ತು ಬಂದ ಪ್ರವಾಸಿಗರು, ವಿಹಾರತಾಣವೊಂದರಲ್ಲಿ ಕಟ್ಟಿದ ಅಮೆರಿಕದ ಹಳೆಯ ಪಶ್ಚಿಮದ ಪಟ್ಟಣದಲ್ಲಿ ಯಂತ್ರಮಾನವರ ಜೊತೆ ಕೋವಿಯ ಆಟವಾಡುತ್ತಾರೆ. ಬಿಸಿರಕ್ತದ ದೇಹಕ್ಕೆ ಗುರಿಯಿಟ್ಟರೆ ಅಲ್ಲಿನ ಕೋವಿ ಹಾರುವುದೇ ಇಲ್ಲ. ರಾತ್ರಿ ಅತಿಥಿಗಳು ಮಲಗಿದ ಮೇಲೆ ಕೆಲಸಗಾರರು ಬಂದು, ಹಗಲಲ್ಲಿ ಗುಂಡೇಟಿಗೆ ಬಿದ್ದ ಯಂತ್ರಗಳನ್ನು ಬೀದಿಯಿಂದ ಹೆಕ್ಕಿ ದುರಸ್ತಿಗೆ ಒಯ್ಯುವ ದೃಶ್ಯವೊಂದಿದೆ. ಮಾತೇ ಇಲ್ಲದ ಆ ದೃಶ್ಯದಲ್ಲಿ ಪಶ್ಚಿಮದ ವೀರಗಾಥೆಯೆಲ್ಲ ಬರೀ ಗ್ಯಾರೇಜಿನ ಕೆಲಸವಾಗಿಬಿಡುತ್ತದೆ. ಯಂತ್ರಗಳು ಕೆಡತೊಡಗಿದ ಮೇಲೆ, ಕಪ್ಪು ಉಡುಪಿನ ಯಂತ್ರಮಾನವನಾಗಿ ಯೂಲ್ ಬ್ರಿನ್ನರ್ ಅವಸರವಿಲ್ಲದೆ ಹೆಜ್ಜೆ ಹಾಕುತ್ತ ಬೆನ್ನಟ್ಟುವ ಕೊನೆಯ ಭಾಗದಲ್ಲಿ ಹುಡುಗ ಕಾಲು ಮಡಚಿ ಕುಳಿತವನು ಅಲುಗಾಡಲಿಲ್ಲ. ಆಮ್ಲದಿಂದ ಕಣ್ಣು ಸುಟ್ಟುಕೊಂಡ ಆ ಯಂತ್ರ ಮೈಬಿಸಿಯನ್ನಷ್ಟೇ ಗುರುತಿಸಬಲ್ಲದು. ಉರಿಯುವ ಪಂಜಿನ ಪಕ್ಕದಲ್ಲಿ ನಿಂತವನನ್ನು ಕಾಣಲಾರದು. ನಡುವೆ ಬರುವ, ಅದೇ ವಿಹಾರತಾಣದ ಇನ್ನೊಂದು ಭಾಗವಾದ ಮಧ್ಯಯುಗದ ಕೋಟೆಯ ಪ್ರಸಂಗಗಳು ಮಾತ್ರ ಸಪ್ಪೆ.

88 ಎಂಬ ಅಂಕೆ ಮೂರನೆಯ ರಾತ್ರಿಯೂ ಎದುರಾಯಿತು. ರಾಬರ್ಟ್ ಝೆಮೆಕಿಸ್‌ರ ‘ಬ್ಯಾಕ್ ಟು ದ ಫ್ಯೂಚರ್’ ಮೂರನೆಯ ಭಾಗದಲ್ಲಿ ಕಾಲಯಂತ್ರವಾದ ಕಾರು ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಿದರೆ ಮಾತ್ರ ಕಾಲವನ್ನು ದಾಟಬಲ್ಲದು. 1885ಕ್ಕೆ ಬಂದಿಳಿದ ಕಾರಿನ ಇಂಧನದ ಕೊಳವೆ ಹರಿದು ಪೆಟ್ರೋಲ್ ಸೋರಿಹೋಗಿದೆ. ಆ ಕಾಲದಲ್ಲಿ ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ಕುದುರೆ ಕಟ್ಟಿ ಎಳೆಸಿದರೆ ವೇಗ ಸಾಲದು, ಹೆಂಡದಂಗಡಿಯ ಅತಿ ಕಟುವಾದ ಮದ್ಯ ಸುರಿದರೆ ಎಂಜಿನ್ನಿನ ಭಾಗವೇ ಸಿಡಿದುಹೋಗುತ್ತದೆ. ಕೊನೆಗೆ ಉಗಿಬಂಡಿಯನ್ನು ಅಪಹರಿಸಿ, ಅದರಿಂದ ಕಾರನ್ನು ಹಳಿಯ ಮೇಲೆ ತಳ್ಳಿಸುವುದೊಂದೇ ದಾರಿ. ರೈಲು ದರೋಡೆ ಕೌಬಾಯ್ ಚಿತ್ರಗಳ ಸವಕಲು ಸರಕು. ಇಲ್ಲಿ ಅದೇ ಭೌತಶಾಸ್ತ್ರದ ಲೆಕ್ಕಕ್ಕೆ ಉತ್ತರವಾಗುತ್ತದೆ. ಹಳಿ ಮುಗಿಯುವಲ್ಲಿರುವ ಸೇತುವೆ 1885ರಲ್ಲಿ ಇನ್ನೂ ಅರೆಬರೆ, ಆದರೆ ಕಾರು ಮರಳಬೇಕಾದ 1985ರಲ್ಲಿ ಪೂರ್ಣಗೊಂಡಿರುತ್ತದೆ. ಆದ್ದರಿಂದ ಕಮರಿಯ ಅಂಚಿನೊಳಗೆ ವೇಗ ಮುಟ್ಟಿದರೆ ಬದುಕು, ಇಲ್ಲವಾದರೆ ಸಾವು. ನನ್ನ ಒರೆಗಲ್ಲಿನ ಮೇಲೆ ಇದಕ್ಕಿಂತ ಚೊಕ್ಕ ಬೆರಕೆ ಮೂರರಲ್ಲಿ ಇನ್ನೊಂದಿಲ್ಲ.

ಹುಡುಗ ಬಿದ್ದು ಬಿದ್ದು ನಕ್ಕದ್ದು ಮಾತ್ರ ಬೇರೊಂದು ಕಡೆ. ಕಮ್ಮಾರನಾಗಿ ನೆಲೆಸಿರುವ ವಿಜ್ಞಾನಿ ಡಾಕ್ ಬ್ರೌನ್‌ನ ಬೃಹತ್ ಯಂತ್ರ ಗಡಗಡ ನಡುಗಿ, ಹೊಗೆಯುಗುಳಿ, ಕಡೆಗೆ ಚಹಾಕ್ಕೆ ಹಾಕಲು ಒಂದೇ ಒಂದು ಕಂದುಬಣ್ಣದ ಐಸ್ ತುಂಡನ್ನು ಉದುರಿಸುತ್ತದೆ. ಡಾಕ್ ಮತ್ತು ಶಾಲೆಯ ಟೀಚರ್ ಕ್ಲಾರಾಳ ಪ್ರೇಮಪ್ರಕರಣ ನಡುವೆ ಸ್ವಲ್ಪ ಎಳೆದಂತಾಗುವುದು ನಿಜ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಮೊದಲೆರಡು ಭಾಗಗಳನ್ನು ನೋಡದವರಿಗೆ ಯಾರು ಯಾವ ಕಾಲದಿಂದ ಏಕೆ ಬಂದರೆಂಬುದು ತಲೆಗೆ ಹತ್ತುವುದಿಲ್ಲ. ಹತ್ತು ನಿಮಿಷ ಚಿತ್ರ ನಿಲ್ಲಿಸಿ, ಕಾಗದದ ಮೇಲೆ ಇಸವಿಗಳ ಗೆರೆ ಎಳೆದು ಅಕ್ಕನ ಮಗನಿಗೆ ನಾನು ವಿವರಿಸಬೇಕಾಯಿತು. ಮರುದಿನ ಆ ಕಾಗದ ಹಿಡಿದುಕೊಂಡೇ ಅವನು ಮೊದಲನೆಯ ಭಾಗ ಹಾಕಿಕೊಂಡು ಕುಳಿತಿದ್ದ.